ಕಸಿಲ್ದಾಳ ಕುತ್ತಿಗೆಯ ಮೇಲಿನ ಹುಲ್ಲುಕಡ್ಡಿ

1997 ಆಗಸ್ಟ್ 4, ಸೋಮವಾರ. ಇನ್ನು 138 ದಿನ.

ಡಿಸೆಂಬರ್ ಇಪ್ಪತ್ತಕ್ಕೆ ಹೊಸ ಡಾಕ್ಟರುಗಳಿಗೆ ಕಡ್ಡಾಯವಾದ ಈ ಹಳ್ಳಿಸೇವೆ ಮುಗಿಯುತ್ತದೆ. ಅಲ್ಲಿಯವರೆಗೆ ಮೊಯ್ಯೆಪಂಪಾದ ಧೂಳು, ಎಂಟು ಹಾಸಿಗೆಯ ಆಸ್ಪತ್ರೆ, ಹೊತ್ತು ಗೊತ್ತಿಲ್ಲದೆ ಕೈಕೊಡುವ ಕರೆಂಟು. ಲಾ ಪಾಸಿನಿಂದ ಬಂದು ಮೂರು ದಿನವಾಯಿತು. ಮೂರು ದಿನವೂ ಜನ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ಊಟ ಆಯಿತಾ? ಆಯಿತು ಎಂದರೂ ತಟ್ಟೆ ತಂದಿಡುತ್ತಾರೆ. ಲಾ ಪಾಸಿನವರು ಒಣಗಿಸಿದ ಆಲೂಗಡ್ಡೆ ಬಿಟ್ಟು ಬೇರೇನೂ ಕಂಡವರಲ್ಲ ಎಂಬುದು ಈ ಕಣಿವೆಯವರ ದೃಢವಾದ ನಂಬಿಕೆ.

ಇಲ್ಲಿನ ಹಿರಿಯ ಡಾಕ್ಟರು ಸಬೀನೋ ತೆರ್ಸೆರೋಸ್. ಅರವತ್ತೇಳು ವರ್ಷ, ಮಾಸಿದ ಹ್ಯಾಟು, ಮಾತು ಕಡಿಮೆ. ಇಸಿಜಿ ಓದುವುದರಲ್ಲಿ ನಾನು ನಮ್ಮ ಕಾಲೇಜಿಗೇ ಮೊದಲಿಗಳು ಎಂದು ನಾನಾಗಿಯೇ ಹೇಳಿಕೊಂಡೆ, ಯಾಕೆಂದರೆ ಬೇರೆ ಯಾರೂ ಹೇಳುವವರಿರಲಿಲ್ಲ. ಅವರು ನನ್ನ ತುಟಿಯನ್ನೇ ನೋಡುತ್ತಾ ಕೇಳಿಸಿಕೊಂಡರು. ಆಮೇಲೆ ಇಸಿಜಿ ಯಂತ್ರವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಮೊದಲ ಎರಡು ವಾರ ಹೊಸ ಡಾಕ್ಟರಿಗೆ ಯಂತ್ರ ಇಲ್ಲವಂತೆ. ಅಂಗಳದ ಗೋಡೆಗೆ ಒಂದು ಬೆಂಚು ಇದೆ, ಬೆಳಗಿನ ಬಿಸಿಲು ಅಲ್ಲಿ ಓರೆಯಾಗಿ ಬೀಳುತ್ತದೆ. ಅಲ್ಲಿ ಕೂತ ರೋಗಿಗಳ ಕುತ್ತಿಗೆ ನೋಡಬೇಕಂತೆ. ಬರೀ ಕುತ್ತಿಗೆ.

ಏಳು ವರ್ಷ ಓದಿದ್ದು ಇದಕ್ಕೆ.

ಆಗಸ್ಟ್ 13, ಬುಧವಾರ. ಇನ್ನು 129 ದಿನ.

ಕುತ್ತಿಗೆ, ಕುತ್ತಿಗೆ, ಕುತ್ತಿಗೆ. ನಿದ್ದೆಯಲ್ಲೂ ಕುತ್ತಿಗೆ.

ಡಾಕ್ಟರ್ ಸಬೀನೋ ಜೇಬಿನಲ್ಲಿ ಬಾರ್ಲಿ ಹುಲ್ಲಿನ ಕಡ್ಡಿಗಳನ್ನು ಇಟ್ಟುಕೊಂಡಿರುತ್ತಾರೆ. ರೋಗಿಯನ್ನು ಬೆಂಚಿನ ಮೇಲೆ ಕೂರಿಸಿ, ಕುತ್ತಿಗೆಯ ಪಕ್ಕದ ರಕ್ತನಾಳದ ಮೇಲೆ ಬೆರಳುದ್ದದ ಕಡ್ಡಿಯನ್ನು ಚೂರು ಅಂಟುಪಟ್ಟಿಯಿಂದ ಅಂಟಿಸುತ್ತಾರೆ. ನಾಳದ ಸಣ್ಣ ಅಲುಗಾಟ ಕಡ್ಡಿಯ ತುದಿಯಲ್ಲಿ ದೊಡ್ಡದಾಗಿ ಕಾಣುತ್ತದೆ. ಉಸಿರು ಒಳಗೆ ಎಳೆದುಕೊಂಡಾಗ ಆ ರಕ್ತವೆಲ್ಲ ಎದೆಗೆ ಇಳಿದು ನಾಳ ಕುಗ್ಗಬೇಕು, ಕಡ್ಡಿ ತಗ್ಗಬೇಕು. ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ, ಪುಸ್ತಕದಲ್ಲಿದೆ. ಪುಸ್ತಕದಲ್ಲಿ ಹುಲ್ಲುಕಡ್ಡಿ ಮಾತ್ರ ಇಲ್ಲ.

ಇನ್ನೊಂದು ವಿಷಯ. ಅವರು ಸ್ಟೆತಾಸ್ಕೋಪ್ ಮುಟ್ಟುವುದೇ ಇಲ್ಲ. ಎದೆಯ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚುತ್ತಾರೆ. ಇದು ದೊಡ್ಡಸ್ತಿಕೆ ತೋರಿಸುವ ಚಾಳಿ ಎಂದು ನಾನು ತೀರ್ಮಾನಿಸಿದ್ದೇನೆ.

ಆದರೂ ಇವತ್ತಿನದನ್ನು ಬರೆಯದೆ ಇರಲಾರೆ. ಒಬ್ಬ ಲಾರಿ ಡ್ರೈವರ್ ತನ್ನ ಮಗುವಿನ ಕೆಮ್ಮಿಗೆ ಔಷಧಿ ಕೇಳಲು ಬಂದಿದ್ದ. ಡಾಕ್ಟರ್ ಸಬೀನೋ ಬಾಗಿಲ ಬಳಿಯಿಂದಲೇ ಅವನನ್ನು ಅರೆ ನಿಮಿಷ ನೋಡಿದರು. ಹೋಗಿ ಅವನ ಮುಂದೆ ಕೈ ಚಾಚಿ ಲಾರಿಯ ಬೀಗದಕೈ ಕೇಳಿದರು. ಅವನು ನಕ್ಕ, ಆಮೇಲೆ ಜಗಳಕ್ಕೆ ಬಂದ, ಕೊನೆಗೆ ಕೊಟ್ಟ. ನಾನು ನಾಡಿ ಹಿಡಿದೆ: ನಿಮಿಷಕ್ಕೆ ಮೂವತ್ತನಾಲ್ಕು. ಕುತ್ತಿಗೆ ನೋಡಿದೆ: ನಾಳ ಸುಮ್ಮನಿದ್ದು ಸುಮ್ಮನಿದ್ದು ಒಮ್ಮೆಲೇ ಗದ್ದದವರೆಗೆ ಹಾರುತ್ತಿತ್ತು. ಆಗ ಮಾತ್ರ ಅವರು ಕಪಾಟು ತೆರೆದರು. ಇಸಿಜಿಯಲ್ಲಿ ಹೃದಯದ ಮೇಲಿನ ಕೋಣೆಗಳು ತಮ್ಮ ಪಾಡಿಗೆ ತಾವು, ಕೆಳಗಿನವು ತಮ್ಮ ಪಾಡಿಗೆ ತಾವು, ಮಾತು ಬಿಟ್ಟ ಅಣ್ಣತಮ್ಮಂದಿರ ಹಾಗೆ ಬಡಿದುಕೊಳ್ಳುತ್ತಿದ್ದವು. ಘಾಟಿಯ ತಿರುವಿನಲ್ಲಿ ಅವನು ಯಾವ ಕ್ಷಣದಲ್ಲಾದರೂ ಎಚ್ಚರ ತಪ್ಪಬಹುದಿತ್ತು. ನಾಳೆ ಪೇಸ್‌ಮೇಕರ್‌ಗೆ ಹತ್ತಿರದ ನಗರಕ್ಕೆ ಹೋಗುತ್ತಾನೆ.

ಹತ್ತು ಹೆಜ್ಜೆ ದೂರದಿಂದ. ಕೆಮ್ಮಿನ ಔಷಧಿಗೆ ಬಂದವನು. ಆ ಕಣ್ಣು ನನಗೆ ಬೇಕು. ಇದನ್ನು ಅವರಿಗಂತೂ ಹೇಳುವುದಿಲ್ಲ.

ಆಗಸ್ಟ್ 19, ಮಂಗಳವಾರ. ಇನ್ನು 123 ದಿನ.

ಇಸಿಜಿ ಕಪಾಟಿನ ಬೀಗದಕೈ ಸಿಕ್ಕಿತು. ಒಂದೇ ದಿನ ಹದಿನಾಲ್ಕು ಇಸಿಜಿ ತೆಗೆದೆ. ಹದಿನಾಲ್ಕರಲ್ಲಿ ಒಂಬತ್ತು ವಿಂಚೂಕಾ ಹೃದಯ.

ಮಣ್ಣಿನ ಗೋಡೆಯ ಬಿರುಕಿನಲ್ಲಿ ವಿಂಚೂಕಾ ಎಂಬ ಹುಳು ಇರುತ್ತದೆ, ಮಲಗಿದ್ದಾಗ ಕಚ್ಚಿ ರೋಗ ಅಂಟಿಸುತ್ತದೆ, ಇಪ್ಪತ್ತು ಮೂವತ್ತು ವರ್ಷದ ಮೇಲೆ ಕೆಲವರ ಹೃದಯ ಹಾಳಾಗುತ್ತದೆ. ಈ ಕಣಿವೆಯಲ್ಲಿ ಯಾರ ರಕ್ತ ಪರೀಕ್ಷೆ ಮಾಡಿದರೂ ವಿಂಚೂಕಾ ಇದೆ ಎಂದೇ ಬರುತ್ತದೆ. ಇಸಿಜಿಯಲ್ಲಿ ಅದರ ಗುರುತು ಅಂದವಾಗಿಯೇ ಇರುತ್ತದೆ: ಬಲಗಡೆಯ ತಂತು ಕಡಿದ, ಅಗಲವಾದ, ಎರಡು ಕೊಂಬಿನ ಗೆರೆ. ಇನ್ನು ಮೇಲೆ ಯಂತ್ರ ಹಚ್ಚುವ ಮೊದಲೇ ರೋಗದ ಹೆಸರು ಬರೆದಿಡಬಹುದು, ಅಷ್ಟು ಸುಲಭ.

ಸೆಪ್ಟೆಂಬರ್ 2, ಮಂಗಳವಾರ. ಇನ್ನು 109 ದಿನ.

ಡಾಕ್ಟರ್ ಸಬೀನೋ ಹಲ್ಲು ನೋವೆಂದು ವಾರದ ಮಟ್ಟಿಗೆ ನಗರಕ್ಕೆ ಹೋಗಿದ್ದಾರೆ. ಆಸ್ಪತ್ರೆ ನನ್ನ ಕೈಯಲ್ಲಿ.

ಇವತ್ತು ಚಿಚಾ ಅಂಗಡಿಯ ಕಸಿಲ್ದಾ ಬಂದಳು. ನಲವತ್ತೊಂದು ವರ್ಷ. ಜೋಳದ ಹೆಂಡ ಕಾಯಿಸುವುದರಲ್ಲಿ ಈ ಸೀಮೆಗೇ ಹೆಸರುವಾಸಿಯಂತೆ. ಅವಳ ಬಾಗಿಲಿಗೆ ಬಿಳಿ ಬಾವುಟ ಏರಿತೆಂದರೆ ಹೊಸ ಚಿಚಾ ಇಳಿದಿದೆ ಎಂದು ಮೂರು ಊರಿನವರು ನಡೆದು ಬರುತ್ತಾರೆ. ಮೇ ತಿಂಗಳಿಂದ ಬಾವುಟ ಏರಿಲ್ಲ. ತಂಗಿ ಎದುವಿಹೆಸಳ ಹೆಗಲಿಗೆ ಜೋತುಕೊಂಡು ಬಂದಳು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ನೀರು ತುಂಬಿ ಗುಡಾಣ.

"ಊರಲ್ಲಿ ನನ್ನ ಬಸುರಿ ಅಂತಾವ್ರೆ ಡಾಕ್ಟರಮ್ಮ" ಎಂದಳು. "ಗಂಡ ಸತ್ತು ಆರು ವರ್ಷ ಆಯ್ತು. ಹಂಗೇನಾದ್ರೂ ಆಗಿದ್ರೆ ಅವನ್ಗೂ ಒಂದ್ ಮಾತು ತಿಳಿಸ್ಬೇಕು."

ತಂಗಿ ಮಾತ್ರ ಇದೆಲ್ಲ ಚಿಚಾ ರುಚಿ ನೋಡಿ ನೋಡಿ ಲಿವರ್ ಕೆಟ್ಟದ್ದು ಎಂದಳು. ಮಲಗಿಸಿ ಪರೀಕ್ಷಿಸಿದೆ. ಕುತ್ತಿಗೆಯಲ್ಲಿ ಅಲುಗಾಟವಿಲ್ಲ, ವಿಶೇಷವಿಲ್ಲ. ಎದೆಯ ಸದ್ದು ದೂರ, ಕ್ಷೀಣ. ಇಸಿಜಿಯ ಗೆರೆಗಳೆಲ್ಲ ಕುಳ್ಳಗೆ, ಇರುವೆ ಸಾಲಿನ ಹಾಗೆ. ದಣಿದ ಹೃದಯ. ರಕ್ತದಲ್ಲಿ ವಿಂಚೂಕಾ ಇದೆ. ಚೀಟಿಯಲ್ಲಿ ಬರೆದೆ: ವಿಂಚೂಕಾ ಹೃದಯ, ಕೊನೆಯ ಹಂತ. ನೀರಿಳಿಸುವ ಮಾತ್ರೆ ಕೊಟ್ಟೆ. ತಂಗಿಯನ್ನು ಪಕ್ಕಕ್ಕೆ ಕರೆದು, ಮಾಡುವುದೇನೂ ಉಳಿದಿಲ್ಲ, ಮನೆಗೆ ಕರೆದುಕೊಂಡು ಹೋಗಿ, ಸಮಾಧಾನವಾಗಿ ನೋಡಿಕೊಳ್ಳಿ ಎಂದೆ. ಮೆತ್ತಗೆ, ಘನತೆಯಿಂದಲೇ ಹೇಳಿದೆ ಅನ್ನಿಸಿತು.

ಸೆಪ್ಟೆಂಬರ್ 4, ಗುರುವಾರ. ಇನ್ನು 107 ದಿನ.

ಸಂತೆಗೆ ಹೋಗುವಾಗ ಎದುವಿಹೆಸ್ ಎದುರಾದಳು. ಕೈಗಾಡಿಯಲ್ಲಿ ಚಿಚಾ ಹುಳಿಗಿಡುವ ಸೊಂಟದೆತ್ತರದ ಗುಡಾಣ. ಅಕ್ಕ ಗುಡಾಣಗಳನ್ನೆಲ್ಲ ಇವಳಿಗೇ ಕೊಟ್ಟುಬಿಡುತ್ತಿದ್ದಾಳಂತೆ. ಅಜ್ಜಿಯ ಕಾಲದವು, ಒಟ್ಟು ಏಳು. ಇದು ಮೂರನೆಯದು.

ಮಾತ್ರೆ ತಗೊಳ್ಳುತ್ತಿದ್ದಾಳಾ ಎಂದು ಕೇಳಿ ಬಂದುಬಿಟ್ಟೆ.

ಸೆಪ್ಟೆಂಬರ್ 8, ಸೋಮವಾರ.

ಎಲ್ಲವನ್ನೂ ಬರೆಯಬೇಕು, ಒಂದೂ ಬಿಡಬಾರದು.

ಡಾಕ್ಟರ್ ಸಬೀನೋ ಬೆಳಿಗ್ಗೆ ಬಂದವರೇ ವಾರದ ಚೀಟಿಗಳನ್ನು ನೋಡಿದರು. ಕಸಿಲ್ದಾಳ ಚೀಟಿಯ ಹತ್ತಿರ ನಿಂತರು. ಇಸಿಜಿ ಕಾಗದವನ್ನು ಕಿಟಕಿಗೆ ಹಿಡಿದರು. ಕುತ್ತಿಗೆಯನ್ನು ಮಲಗಿಸಿ ನೋಡಿದೆಯೋ ಕೂರಿಸಿ ನೋಡಿದೆಯೋ ಎಂದು ಕೇಳಿದರು. ಮಲಗಿಸಿ ಎಂದೆ. ಬಯ್ಯಲಿಲ್ಲ. ಹ್ಯಾಟು ಹಾಕಿಕೊಂಡು ಹೊರಟರು, ನಾನು ಹಿಂದೆ.

ಕಸಿಲ್ದಾ ಬಾಗಿಲಲ್ಲಿ ಬಿಸಿಲು ಕಾಯುತ್ತಾ ಕೂತಿದ್ದಳು. ಹಿಂದೆ ಒಲೆಮನೆ ಖಾಲಿ, ಗುಡಾಣಗಳಿದ್ದ ಜಾಗದಲ್ಲಿ ನೆಲದ ಮೇಲೆ ದುಂಡನೆಯ ಗುರುತುಗಳು. ಅವಳನ್ನು ನೆಟ್ಟಗೆ ಕೂರಿಸಿದರು. ಆಗ ನನಗೆ ಕಂಡಿತು. ಕುತ್ತಿಗೆಯ ನಾಳ ಕಿವಿಯ ಬುಡದವರೆಗೂ ತುಂಬಿ ನಿಂತಿತ್ತು. ಮಲಗಿಸಿದಾಗ ಅದು ಇನ್ನೂ ಮೇಲೆ, ತಲೆಯೊಳಗೇ ಹೋಗಿ ನಿಂತಿದ್ದರಿಂದ ಅಲುಗಾಟವೇ ಕಂಡಿರಲಿಲ್ಲ. ನಾನು ತುಂಬಿದ ಕೆರೆಯ ನಡುವೆ ನಿಂತು ನೀರಿಲ್ಲ ಎಂದು ಬರೆದು ಬಂದಿದ್ದೆ.

ಅವರು ಕಡ್ಡಿ ಅಂಟಿಸಿದರು. ಉಸಿರು ಎಳ್ಕೊಳ್ಳಮ್ಮ ಎಂದರು. ಕಳೆದ ಐದು ವಾರದಲ್ಲಿ ನಾನು ಇನ್ನೂರು ಕುತ್ತಿಗೆಯಾದರೂ ನೋಡಿದ್ದೇನೆ. ಇನ್ನೂರರಲ್ಲೂ ಕಡ್ಡಿ ತಗ್ಗಿತ್ತು. ಕಸಿಲ್ದಾಳ ಕಡ್ಡಿ ಎದ್ದು ನಿಂತಿತು.

ಮತ್ತೊಮ್ಮೆ ಎಳೆದುಕೊಂಡಳು. ಮತ್ತೊಮ್ಮೆ ಎದ್ದಿತು. ಎದೆಗೆ ಇಳಿಯಬೇಕಾದ ರಕ್ತಕ್ಕೆ ಹೃದಯ ಜಾಗವನ್ನೇ ಕೊಡುತ್ತಿರಲಿಲ್ಲ.

ಡಾಕ್ಟರ್ ಸಬೀನೋ ಎದೆಯ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ಕೂತರು. ನನಗೆ ಕೇಳಿಸಿಕೋ ಎಂದರು. ಕೇಳಿಸಿಕೊಂಡೆ. ಲಬ್, ಡಬ್, ಅದರ ಬೆನ್ನಿಗೇ ಇನ್ನೊಂದು ಸದ್ದು, ಮರದ ಬಾಗಿಲಿಗೆ ಗೆಣ್ಣಿನಿಂದ ಬಡಿದ ಹಾಗೆ. ಮಂಗಳವಾರವೂ ಅದು ಇದ್ದಿರಲೇಬೇಕು. ನಾನು ಹೆಸರು ಬರೆಯುವ ಅವಸರದಲ್ಲಿದ್ದೆ. ಮೂರನೇ ಸದ್ದು ಇದೆ ಎಂದು ಅವರಿಗೆ ಹೇಳಿದೆ. ಅವರು ಬೇರೆ ಕಡೆ ನೋಡುತ್ತಿದ್ದರು, ತಿರುಗಲೇ ಇಲ್ಲ. ಜೋರಾಗಿ ಹೇಳಿದೆ. ತಿರುಗಲಿಲ್ಲ. ಆಗ ಅರ್ಥವಾಯಿತು, ಸ್ಟೆತಾಸ್ಕೋಪು ಯಾಕಿಲ್ಲ, ತುಟಿಯನ್ನು ಯಾಕೆ ನೋಡುತ್ತಾರೆ, ಹಲ್ಲು ನೋವಿನ ನೆಪದಲ್ಲಿ ನಗರದಲ್ಲಿ ಕಿವಿ ತೋರಿಸಿಕೊಳ್ಳಲು ಯಾಕೆ ಹೋದರು ಎಂದು.

ಅವರ ಕೈ ಹಿಡಿದು, ಅಂಗೈ ಬಿಡಿಸಿ, ಬೆರಳಿನಿಂದ ತಟ್ಟಿದೆ. ಮೆತ್ತಗೆ ಒಂದು, ಮೆತ್ತಗೆ ಎರಡು, ಗಟ್ಟಿಯಾಗಿ ಮೂರು. ಸ್ಟೆತಾಸ್ಕೋಪು ನನ್ನ ಕಿವಿಯಲ್ಲಿ, ಬೆರಳು ಅವರ ಅಂಗೈಯಲ್ಲಿ, ಹಾಗೇ ತಟ್ಟುತ್ತಾ ಹೋದೆ. ಅವರ ಕಣ್ಣು ತುಂಬಿತು.

"ಮೂರು ವರ್ಷ ಆಯ್ತಮ್ಮ, ಕೇಳಿಸ್ತಿಲ್ಲ" ಎಂದರು. "ಫೆಬ್ರವರೀಲಿ ಕಾರ್ನಿವಲ್ ಹಬ್ಬಕ್ಕೆ ಇಲ್ಲಿ ಕುಡಿಯೋಕ್ ಬಂದಾಗ್ಲೇ ಇವಳ ಕುತ್ತಿಗೆ ಮೇಲೆ ಅನುಮಾನ ಬಂದಿತ್ತು. ಅಂಗೈಗೆ ಅರ್ಧ ಸಿಕ್ತು. ಕಿವೀಲಿ ಕೇಳ್ದೆ ಹೇಳೋಕೆ ಧೈರ್ಯ ಆಗ್ಲಿಲ್ಲ. ಇನ್ನೊಬ್ಬರನ್ನ ಕೇಳ್ಸಿಕೊಳ್ಳಿ ಅನ್ನೋಕೆ ನಾಚ್ಕೆ ಆಯ್ತು. ನಿನ್ ತಪ್ಪು ಒಂದು ವಾರದ್ದು. ನಂದು ಏಳು ತಿಂಗಳದ್ದು."

ಇಷ್ಟು ದೊಡ್ಡ ಮನುಷ್ಯ ಇಷ್ಟು ಸಣ್ಣ ಸ್ವರದಲ್ಲಿ ಮಾತಾಡಿದ್ದನ್ನು ನಾನು ಈ ಜನ್ಮದಲ್ಲಿ ಮರೆಯಲಾರೆ.

ಕಸಿಲ್ದಾಳ ಹೃದಯ ಚೆನ್ನಾಗಿಯೇ ಇದೆ. ಅದನ್ನು ಸುತ್ತಿರುವ ಚೀಲ ಗಟ್ಟಿಯಾಗಿ, ಬಿಗಿದು, ಹಿಗ್ಗಲು ಬಿಡುತ್ತಿಲ್ಲ. ಹತ್ತೊಂಬತ್ತನೇ ವಯಸ್ಸಿನಲ್ಲಿ ಕ್ಷಯ ಬಂದು ಪಕ್ಕೆಯಿಂದ ನೀರು ತೆಗೆಸಿಕೊಂಡಿದ್ದಳಂತೆ. ಚೀಲ ಗಟ್ಟಿಯಾದದ್ದು ಆ ಕ್ಷಯದಿಂದ, ಅದನ್ನೂ ನಾನು ಕೇಳಿರಲಿಲ್ಲ. ಚೀಲವನ್ನು ಕತ್ತರಿಸಿ ತೆಗೆಯಬಹುದು. ಬದುಕಬಹುದು.

ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು, ನಾನು ಬರೆದದ್ದು ತಪ್ಪು ಎಂದು ಹೇಳಿದೆ. ರಕ್ತದಲ್ಲಿ ವಿಂಚೂಕಾ ಇದ್ದ ಮಾತ್ರಕ್ಕೆ ಹೃದಯ ಅದರಿಂದಲೇ ಕೆಟ್ಟಿತು ಅಂತಲ್ಲ ಎಂದೆ. ಅವಳು ಎಲ್ಲವನ್ನೂ ಕೇಳಿ, "ಜೋಳದ ಸಿಪ್ಪೆ ಸುಲ್ದಂಗಾ?" ಎಂದಳು. ಹಾಗೇ ಎಂದೆ.

"ಏಳೂ ಗುಡಾಣ ಕೊಟ್ಬಿಟ್ನಲ್ಲ ಡಾಕ್ಟರಮ್ಮ" ಎಂದಳು. ಆಮೇಲೆ ಮುಖ ಮುಚ್ಚಿಕೊಂಡು ಅತ್ತಳು. ನಾನೂ ಅತ್ತೆ.

ಸೆಪ್ಟೆಂಬರ್ 9, ಮಂಗಳವಾರ.

ಅದೇ ಇಸಿಜಿ ಕಾಗದವನ್ನು ಬೆಳಿಗ್ಗೆ ಬೆಂಚಿನ ಮೇಲೆ ಹರಡಿಕೊಂಡು ಮತ್ತೆ ಓದಿದೆ. ಎರಡು ಕೊಂಬಿನ ಗೆರೆ ಇಲ್ಲ. ಒಂದೂ ಇಲ್ಲ. ಗೆರೆಗಳು ಕುಳ್ಳಗಿದ್ದವು, ಯಾಕೆಂದರೆ ದಪ್ಪ ಗೋಡೆಯ ಆಚೆಯಿಂದ ಬರುತ್ತಿದ್ದವು. ಕಾಗದ ಸತ್ಯವನ್ನೇ ಹೇಳಿತ್ತು. ಕಾಲೇಜಿಗೇ ಮೊದಲಿಗಳು ಅದನ್ನು ಓದಲಿಲ್ಲ.

ಫೋನ್ ಕಚೇರಿಗೆ ಹೋಗಿ ನಗರದ ಹೃದಯ ಶಸ್ತ್ರವೈದ್ಯರನ್ನು ಹಿಡಿದೆ. ಊರಿನ ಹೆಸರು ಕೇಳಿದ ಕೂಡಲೇ, ನಿಮ್ಮ ಕಣಿವೆಯಿಂದ ಬರೋದೆಲ್ಲ ವಿಂಚೂಕಾ ಹೃದಯವೇ, ಕೊಯ್ಯೋಕೆ ಏನಿದೆ ಅಲ್ಲಿ ಎಂದರು. ಒಂದು ವಾರದ ಹಿಂದೆ ನಾನು ಅದನ್ನೇ ಬರೆದಿದ್ದೆ, ಅದಕ್ಕೇ ಸಿಟ್ಟು ಇನ್ನೂ ಹೆಚ್ಚು ಬಂತು. ಕೂರಿಸಿದಾಗ ಕಂಡದ್ದು, ಕಡ್ಡಿ ಎದ್ದದ್ದು, ಮೂರನೇ ಸದ್ದು, ಎಲ್ಲ ಹೇಳಿದೆ.

"ಹುಲ್ಲುಕಡ್ಡಿ ಅಂದ್ರಾ?" ಎಂದರು. "ಆ ಬೆಂಚು ಇನ್ನೂ ಅಲ್ಲೇ ಇದೆಯಾ? ಇಪ್ಪತ್ತೊಂದು ವರ್ಷದ ಹಿಂದೆ ಎರಡು ವಾರ ಅದರ ಮೇಲೆ ಬಿಸಿಲಲ್ಲಿ ಬೆಂದಿದೀನಿ. ಕಳ್ಸಿ ಅವಳನ್ನ."

ಹತ್ತರಲ್ಲಿ ಒಬ್ಬರು ಆಪರೇಷನ್ ಮೇಜಿನ ಮೇಲೇ ಹೋಗುತ್ತಾರೆ, ಅದನ್ನೂ ಹೇಳಿಯೇ ಕರೆತನ್ನಿ ಎಂದರು. ಹೇಳಿದೆ. ಕಸಿಲ್ದಾ ಯೋಚಿಸುವುದಕ್ಕೂ ನಿಲ್ಲಲಿಲ್ಲ. ಇಲ್ಲಿ ಕೂತರೆ ಹತ್ತಕ್ಕೆ ಹತ್ತೂ ಹೋಗುವುದೇ ಅಲ್ಲವೇ ಎಂದಳು.

ಸೆಪ್ಟೆಂಬರ್ 12, ಶುಕ್ರವಾರ. ನಗರ.

ಎದೆಯನ್ನು ಪಕ್ಕದಿಂದ ಎಕ್ಸ್‌ರೇ ತೆಗೆದರು. ಹೃದಯದ ಸುತ್ತ ಬೆಳ್ಳನೆಯ ಅಂಚು, ಸುಣ್ಣ ಬಳಿದ ಹಾಗೆ. ಶಸ್ತ್ರವೈದ್ಯರು ಅದನ್ನು ಬೆಳಕಿಗೆ ಹಿಡಿದು, ಮುದುಕರಿಗೆ ನನ್ನ ನಮಸ್ಕಾರ ಹೇಳು ಎಂದರು. ಇಪ್ಪತ್ತೈದಕ್ಕೆ ಆಪರೇಷನ್.

ಹುಲ್ಲುಕಡ್ಡಿ, ಅಂಗೈ, ಒಂದು ಜೊತೆ ಕಿವಿ. ಇಷ್ಟರಲ್ಲಿ ನಾವು ಅದನ್ನು ಕಂಡಿದ್ದೆವು.

ಸೆಪ್ಟೆಂಬರ್ 25, ಗುರುವಾರ.

ಬೆಳಿಗ್ಗೆ ಏಳಕ್ಕೆ ಒಳಗೆ ಕರೆದುಕೊಂಡು ಹೋಗಿರುತ್ತಾರೆ. ಈಗ ಹನ್ನೆರಡು. ಡಾಕ್ಟರ್ ಸಬೀನೋ ಬೆಂಚಿನಿಂದ ಎದ್ದಿಲ್ಲ, ಎದುವಿಹೆಸ್ ಅವರ ಪಕ್ಕದಲ್ಲಿ. ಯಾರೂ ಊಟದ ಮಾತೆತ್ತಿಲ್ಲ. ಈ ಊರಲ್ಲಿ ಇದು ಮೊದಲು.

ಮೂರು ಗಂಟೆ. ಫೋನ್ ಕಚೇರಿಯವಳು ಓಡಿಬಂದಳು. ಸುಲಿದರು. ಬದುಕಿದ್ದಾಳೆ.

ನವೆಂಬರ್ 3, ಸೋಮವಾರ.

ನಿನ್ನೆ ಸತ್ತವರ ಹಬ್ಬ. ಸತ್ತ ಒಬ್ಬೊಬ್ಬರ ಹೆಸರಿನಲ್ಲೂ ಸುಡುವ ಗೊಂಬೆಯಾಕಾರದ ರೊಟ್ಟಿಯನ್ನು ಎದುವಿಹೆಸ್ ತಂದುಕೊಟ್ಟಳು. ಅಕ್ಕನ ಹೆಸರಿನಲ್ಲೂ ಈ ಸಲ ಒಂದು ಸುಡಬೇಕಾಗುತ್ತದೆ ಅಂದುಕೊಂಡಿದ್ದಳಂತೆ. ಕಸಿಲ್ದಾ ನಗರದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದಾಳೆ, ಶಸ್ತ್ರವೈದ್ಯರು ವರ್ಷದ ಕೊನೆಯವರೆಗೂ ಬಿಡುವುದಿಲ್ಲವಂತೆ. ಅಲ್ಲಿಂದ ದಿನ ಬಿಟ್ಟು ದಿನ ಫೋನ್ ಮಾಡಿ ಕೇಳುತ್ತಿರುವುದು ಒಂದೇ: ಗುಡಾಣ.

ಡಾಕ್ಟರ್ ಸಬೀನೋ ಈಗ ಯಾರಿಗೂ ಮುಚ್ಚಿಡುವುದಿಲ್ಲ. ಬೆಂಚಿಗೆ ಬಂದವರಿಗೆ, ನನ್ನ ಕಿವಿ ಈ ಯೋಲಮ್ಮನ ಹತ್ತಿರ ಇದೆ ಎಂದು ನನ್ನನ್ನು ತೋರಿಸುತ್ತಾರೆ. ನಾನು ತಟ್ಟುತ್ತೇನೆ, ಅವರು ಹೇಳುತ್ತಾರೆ. ಕಳೆದ ವಾರ ಒಬ್ಬ ಮುದುಕನ ಎದೆಯನ್ನು ಎರಡು ನಿಮಿಷ ತಟ್ಟಿದ ಮೇಲೆ, ನಡುವೆ ಒಂದು ತಟ್ಟು ನೀನು ಬಿಟ್ಟೆ ಎಂದರು. ಇಸಿಜಿ ತೆಗೆದರೆ ಅವಸರದ ಒಂದು ಬಡಿತ ಅಲ್ಲಿತ್ತು, ನನ್ನ ಕಿವಿ ಅದನ್ನು ನಿಜವಾಗಿಯೂ ಬಿಟ್ಟಿತ್ತು.

ಅಮ್ಮನ ಕಾಗದಕ್ಕೆ ಉತ್ತರ ಬರೆಯಬೇಕು. ಎಂದು ಬರುತ್ತೀ ಎಂದು ಕೇಳಿದ್ದಾಳೆ. ನಾಳೆ ಬರೆದರಾಯಿತು.

1998 ಜನವರಿ 8, ಗುರುವಾರ. ಹಳ್ಳಿಸೇವೆ ಮುಗಿದು 19 ದಿನ.

ಕಸಿಲ್ದಾ ಬೆಳಗಿನ ಬಸ್ಸಿಗೆ ಬಂದಿಳಿದಳು. ಹೊಟ್ಟೆ ಇಲ್ಲ, ಕೆನ್ನೆ ಇದೆ. ಮನೆಗೆ ಹೋಗುವ ಮೊದಲು ತಂಗಿಯ ಬಾಗಿಲಿಗೆ ಹೋಗಿ ಗುಡಾಣ ಕೇಳಿದಳು. ಕೊಟ್ಟದ್ದು ಕೊಟ್ಟಾಯಿತು, ಅದರಲ್ಲಿ ಈಗ ನನ್ನ ಚಿಚಾ ಹುಳಿಯುತ್ತಿದೆ ಎಂದು ಎದುವಿಹೆಸ್. ಇಬ್ಬರೂ ಬೀದಿಯುದ್ದಕ್ಕೂ ಜಗಳವಾಡುತ್ತಲೇ ಆಸ್ಪತ್ರೆಗೆ ಬಂದರು. ಜಗಳವಾಡುತ್ತಾ ಆ ಏರನ್ನು ಹತ್ತಿ ಬಂದರೂ ಕಸಿಲ್ದಾಳಿಗೆ ಏದುಸಿರಿಲ್ಲ ಎಂಬುದನ್ನು ನಾನು ಬಾಗಿಲಿಂದಲೇ ನೋಡಿದೆ. ಕೊನೆಗೆ ಡಾಕ್ಟರ್ ಸಬೀನೋ ಪಂಚಾಯಿತಿ ಮಾಡಿ ನಾಲ್ಕು ಅಕ್ಕನಿಗೆ, ಮೂರು ತಂಗಿಗೆ ಎಂದರು. ಇಬ್ಬರಿಗೂ ಸಮಾಧಾನವಿಲ್ಲ, ಆದ್ದರಿಂದ ನ್ಯಾಯ ಸರಿಯಾಗಿದೆ.

ಬೆಂಚಿನ ಮೇಲೆ ಕೂರಿಸಿದೆವು, ನೆಟ್ಟಗೆ. ಡಾಕ್ಟರ್ ಸಬೀನೋ ಜೇಬು ತಡಕಿ ಕಡ್ಡಿ ತೆಗೆದು ನನ್ನ ಕೈಗೆ ಕೊಟ್ಟರು. ನಾನೇ ಅಂಟಿಸಿದೆ.

"ಉಸಿರು ಎಳ್ಕೊಳ್ಳಕ್ಕ" ಎಂದೆ.

ಎಳೆದುಕೊಂಡಳು. ಕಡ್ಡಿ ತಗ್ಗಿತು.

ಸ್ಟೆತಾಸ್ಕೋಪು ಕಿವಿಗೆ ಹಾಕಿಕೊಂಡೆ. ಅವರು ಆಗಲೇ ಅಂಗೈ ಬಿಡಿಸಿ ನನ್ನ ಮುಂದೆ ಹಿಡಿದಿದ್ದರು, ಪ್ರಸಾದಕ್ಕೆ ಹಿಡಿದ ಹಾಗೆ. ತಟ್ಟಿದೆ. ಒಂದು, ಎರಡು. ಬೆರಳು ಎತ್ತಿ ನಿಂತೆ. ಒಂದು, ಎರಡು. ಅವರು ಕಣ್ಣು ಮುಚ್ಚಿ, ಅಂಗೈಯನ್ನು ಹಾಗೇ ಚಾಚಿಕೊಂಡು ಮೂರನೆಯದಕ್ಕಾಗಿ ಕಾಯುತ್ತಿದ್ದರು. ಬಹಳ ಹೊತ್ತು ಕಾದರು. ಅದು ಬರಲಿಲ್ಲ.